ಏಳನೆಯ ಇನಿಂಗ್ಸಿನ ಅಪ್ಪುಗೆ

ಜುಲೈ 2

ಲೊರೇನ್ ಔಷಧಿ ಅಂಗಡಿಯಿಂದ ಈ ಪುಸ್ತಕ ತಂದು ಊಟದ ಮೇಜಿನ ಮೇಲೆ ಕುಕ್ಕಿದಳು.

"ಬೈಯೋದನ್ನೆಲ್ಲ ಇದಕ್ಕೆ ಬೈಯಿ, ಟಕ್. ಹೆಂಡತಿ ಕಿವಿಗೂ ಸ್ವಲ್ಪ ರಜಾ ಬೇಡ್ವಾ?"

ಡಾಕ್ಟರ ಅಪ್ಪಣೆಯೂ ಅದೇ. ನಡೆದದ್ದನ್ನು ಏನೂ ಗೊತ್ತಿಲ್ಲದವರಿಗೆ ಹೇಳುವ ಹಾಗೆ ಬಿಡಿಸಿ ಬರೆಯಬೇಕಂತೆ. ಬರೆಯುತ್ತ ಬರೆಯುತ್ತ ರಕ್ತದೊತ್ತಡ ಇಳಿಯುತ್ತದಂತೆ. ಆ ಮನುಷ್ಯ ಬೇಸ್‌ಬಾಲ್ ನೋಡುವುದಿಲ್ಲ, ಅದಕ್ಕೇ ಹೀಗೆಲ್ಲ ಹೇಳುತ್ತಾನೆ.

ಸರಿ, ಬರೆಯುತ್ತೇನೆ. ನನ್ನ ಹೆಸರು ವೆಂಡೆಲ್ ಟಕೆಟ್. ವಯಸ್ಸು ಅರವತ್ತೊಂದು. ಹೆರನ್ಸ್ ತಂಡಕ್ಕೆ ಬ್ಯಾಟಿಂಗ್ ಕೋಚ್. ಊರವರ ಬಾಯಲ್ಲಿ ನಾವು ಕೊಕ್ಕರೆಗಳು. ಈಚೆಗೆ ಆ ಹೆಸರು ಹೇಳುವಾಗ ಜನ ನಗುತ್ತಾರೆ. ಮೊನ್ನೆ ನನ್ನ ಹುಡುಗರು ಒಂಬತ್ತು ರನ್ ಹೊಡೆದರು. ಬೇರೆ ಯಾವ ಊರಿನಲ್ಲಾದರೂ ಒಂಬತ್ತು ರನ್ ಹೊಡೆದವರು ಗೆದ್ದು, ಮನೆಗೆ ಹೋಗಿ ಹಿತ್ತಲಲ್ಲಿ ಮಾಂಸ ಸುಟ್ಟುಕೊಂಡು ನೆಮ್ಮದಿಯಾಗಿ ತಿನ್ನುತ್ತಾರೆ. ನಮ್ಮ ಎಸೆಯುವ ಮಹಾಶಯರು ಎದುರಾಳಿಗೆ ಹನ್ನೊಂದು ಕೊಟ್ಟರು. ಕೊನೆಯ ಚೆಂಡು ಗೋಡೆಯಾಚೆ ಹೋದಾಗ ನಾನು ಡಗ್‌ಔಟ್‌ನಲ್ಲಿ, ಅಂದರೆ ಮೈದಾನದಂಚಿನ ನಮ್ಮ ತಂಡದ ಗೂಡಿನಲ್ಲಿ, ಇದ್ದ ನೀರಿನ ಡ್ರಮ್ಮಿಗೆ ಒದ್ದೆ. ಡ್ರಮ್ಮಿಗೆ ಏನೂ ಆಗಲಿಲ್ಲ. ನನ್ನ ಬಲಗಾಲಿನ ಹೆಬ್ಬೆರಳು ಮುರಿಯಿತು.

ಇಷ್ಟು ಬರೆದರೂ ಒತ್ತಡ ಇಳಿದಂತೇನೂ ಅನ್ನಿಸುತ್ತಿಲ್ಲ.

ಜುಲೈ 5

ಕ್ಷೌರಕ್ಕೆ ಹೋಗಿದ್ದೆ. ಆರ್ಚಿ ಇಪ್ಪತ್ತು ವರ್ಷಗಳಿಂದ ನನ್ನ ಕೂದಲು ಕತ್ತರಿಸುತ್ತಿದ್ದಾನೆ. ಇಂದು ಕತ್ತರಿ ಕೈಯಲ್ಲಿ ಹಿಡಿದುಕೊಂಡೇ ಶುರು ಮಾಡಿದ.

"ಅಲ್ಲ ಟಕ್, ಆ ಎಲಾಡಿಯೊನ ಕೊಟ್ಟು ಒಬ್ಬ ಒಳ್ಳೇ ಎಸೆಯೋನನ್ನ ತರಬಾರ್ದಾ? ರೇಡಿಯೋದಲ್ಲಿ ಎಲ್ಲರೂ ಅದೇ ಹೇಳ್ತಿದ್ದಾರೆ."

"ರೇಡಿಯೋದವರಿಗೇನು, ಎಲಾಡಿಯೊ ಅವರಪ್ಪನ ಮನೆ ಗಂಟಾ?"

"ಸಿಟ್ಟಾಗ್ಬೇಡ. ವರ್ಷಾನುಗಟ್ಲೆ ಸೋಲ್ತಾನೇ ಇದ್ದೀರ. ಕೇಳಿದ್ರೆ ತಂಡಾನ ಹೊಸದಾಗಿ ಕಟ್ತಿದ್ದೀವಿ ಅಂತೀರ. ಕಟ್ಟೋರು ಹೆಚ್ಚಿಗೆ ಇರೋದನ್ನ ಕೊಟ್ಟು ಇಲ್ಲದ್ದನ್ನ ತರಬೇಕಲ್ವಾ?"

ಕುತ್ತಿಗೆಗೆ ಕಟ್ಟಿದ್ದ ಬಟ್ಟೆ ಕಿತ್ತೆಸೆದು ಎದ್ದು ಬಂದೆ. ತಲೆಯ ಎಡಭಾಗದ ಕೂದಲು ಮಾತ್ರ ಕತ್ತರಿಸಿ ಆಗಿತ್ತು.

ಹೊಸದಾಗಿ ಕಟ್ಟುತ್ತಾರಂತೆ! ಐದು ವರ್ಷಗಳಿಂದ ಕೇಳುತ್ತಿದ್ದೇನೆ. ನಮ್ಮ ಬೀದಿಯಲ್ಲಿ ಅಷ್ಟರಲ್ಲಿ ಮೂರು ಮನೆ ಎದ್ದವು. ಜುಲೈ ಮೂವತ್ತೊಂದರ ಸಂಜೆ ಆರರ ತನಕ ಯಾವ ತಂಡ ಬೇಕಾದರೂ ತನ್ನ ಆಟಗಾರನನ್ನು ಇನ್ನೊಂದು ತಂಡಕ್ಕೆ ಕೊಟ್ಟು ಬೇರೊಬ್ಬನನ್ನು ತರಬಹುದು. ಹಾಗಾಗಿ ಜುಲೈ ಬಂತೆಂದರೆ ಕಂಡಕಂಡವರೆಲ್ಲ ನನ್ನ ಹುಡುಗರನ್ನು ಸಂತೆಯ ಕುರಿಗಳ ಹಾಗೆ ಎಣಿಸುತ್ತಾರೆ.

ಎಲಾಡಿಯೊ ಬ್ರಿಟೊ ಡೊಮಿನಿಕನ್ ರಿಪಬ್ಲಿಕ್‌ನಿಂದ ಬಂದಾಗ ಅವನಿಗೆ ಹತ್ತೊಂಬತ್ತು. ಬ್ಯಾಟನ್ನು ಕೊಡಲಿಯ ಹಾಗೆ ಬೀಸುತ್ತಿದ್ದ. ಎರಡು ಚಳಿಗಾಲ ದಿನವೂ ಅವನ ಸೊಂಟ ಹಿಡಿದು, ಮಂಡಿ ಹಿಡಿದು, ಬೈದು, ಗೋಗರೆದು ತಿದ್ದಿದೆ. ಈಗ ಮೂವತ್ತೊಂದು. ಈ ದೇಶದಲ್ಲಿ ಅವನ ಹಾಗೆ ಹೊಡೆಯುವವರು ಬೆರಳೆಣಿಕೆಯಷ್ಟು. ಮತ್ತು ಅವನು ದಿನವೂ ಆಡುತ್ತಾನೆ. ಎಸೆಯುವವನು ಐದು ದಿನಕ್ಕೊಮ್ಮೆ ಆಡುತ್ತಾನೆ. ಉಳಿದ ದಿನ ಸೂರ್ಯಕಾಂತಿ ಬೀಜ ಅಗಿದು ಸಿಪ್ಪೆ ಉಗುಳುತ್ತ ಕೂರುತ್ತಾನೆ. ಅವರ ಭುಜವೋ ಗಾಜಿನ ಬಳೆ. ಇವತ್ತು ಚಪ್ಪಾಳೆ, ನಾಳೆ ಆಪರೇಷನ್. ಇಂಥವರಿಗಾಗಿ ಎಲಾಡಿಯೊನನ್ನು ಕೊಡಬೇಕೆ?

ಲೊರೇನ್ ನನ್ನ ತಲೆ ನೋಡಿ, "ಇನ್ನರ್ಧ ಯಾವಾಗಂತೆ?" ಎಂದಳು. ಅಡುಗೆಮನೆಯ ಕತ್ತರಿ ತಂದು ತಾನೇ ಮುಗಿಸಿದಳು. ಸರಿಯಾಗಿಲ್ಲ.

ಜುಲೈ 9

ಅಭ್ಯಾಸದ ಬಲೆಯೊಳಗೆ ಎಲಾಡಿಯೊ ಒಬ್ಬನೇ ಇದ್ದ. ನನ್ನನ್ನು ಕಂಡು ಬ್ಯಾಟ್ ಕೆಳಗಿಟ್ಟ.

"ಮುದುಕಪ್ಪ, ನನ್ನನ್ನ ಕೊಟ್ಟುಬಿಡ್ತಾರಂತೆ. ನಿಜಾನಾ?"

ದನಿ ನಡುಗುತ್ತಿತ್ತು.

"ಯಾವನೋ ಹೇಳಿದ್ದು? ನಾನಿರೋವರೆಗೂ ನಿನ್ನನ್ನ ಯಾರೂ ಮುಟ್ಟಲ್ಲ."

"ಯಾವ ಊರು ಅಂತ ಏನಾದ್ರೂ ಕಿವಿಗೆ ಬಿತ್ತಾ?"

"ಊರೂ ಇಲ್ಲ, ಕೇರೀನೂ ಇಲ್ಲ. ನೀನು ಹೆದರಬೇಡ."

"ಕ್ಯಾಲಿಫೋರ್ನಿಯಾ ಅಂತಿದ್ರು. ಅವರು ಈ ಸಲ ಮೊದಲನೇ ಸ್ಥಾನದಲ್ಲಿದ್ದಾರಲ್ಲ." ಸ್ವಲ್ಪ ಹೊತ್ತು ಬ್ಯಾಟಿನ ಹಿಡಿ ತಿರುಗಿಸುತ್ತ ನಿಂತ. "ಅಲ್ಲಿ ಅಕ್ಟೋಬರ್‌ನಲ್ಲಿ ಚಳಿ ಇರುತ್ತಾ, ಮುದುಕಪ್ಪ?"

ಪಾಪ. ಹೆಂಡತಿ ಯನೀರಾಗೆ ಇನ್ನೇನು ಹೆರಿಗೆ. ಎಳೆ ಕೂಸು ಕಟ್ಟಿಕೊಂಡು ಗೊತ್ತಿಲ್ಲದ ಊರಿಗೆ ಹೋಗಬೇಕಾದೀತು ಎಂದು ಅವನ ಜೀವ ಹೊಡೆದುಕೊಳ್ಳುತ್ತಿದೆ. ಅಕ್ಟೋಬರ್ ನಮಗೆಲ್ಲಿಂದ ಗೊತ್ತು? ವರ್ಷದ ದೊಡ್ಡ ಪಂದ್ಯಗಳು ಆಗ ನಡೆಯುತ್ತವೆ, ಗೆದ್ದ ತಂಡಗಳಿಗೆ ಮಾತ್ರ. ಕೊಕ್ಕರೆಗಳು ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಬಟ್ಟೆಬರೆ ಕಟ್ಟಿಕೊಂಡು ಮನೆ ಸೇರಿರುತ್ತವೆ. ಎಲಾಡಿಯೊ ಇಷ್ಟು ವರ್ಷ ಆಡಿದ್ದಾನೆ, ಅಕ್ಟೋಬರಿನ ಒಂದು ಚೆಂಡನ್ನೂ ಮುಟ್ಟಿಲ್ಲ. ಅದಕ್ಕೆ ಹೊಣೆ ಯಾರು? ಎಸೆಯುವವರು.

ಅವನ ಬೆನ್ನು ತಟ್ಟಿ, "ನಿನ್ನನ್ನ ಬಿಟ್ಟುಕೊಡಲ್ಲ ಕಣೋ" ಎಂದೆ. ಅವನು ಮುಖ ತಿರುಗಿಸಿ ಬ್ಯಾಟ್ ಎತ್ತಿಕೊಂಡ. ಮನಸ್ಸು ತುಂಬಿ ಬಂದಿರಬೇಕು.

ಜುಲೈ 12

ಮೇಲಿನ ಮಹಡಿಯಿಂದ ಕರೆ ಬಂತು. ಕೆಂಡ್ರಾ ವೋಸ್, ತಂಡದ ಮ್ಯಾನೇಜರ್‌ಗೂ ಮೇಲಿನವಳು. ಯಾರು ಬರಬೇಕು, ಯಾರು ಹೋಗಬೇಕು ಎಂದು ತೀರ್ಮಾನಿಸುವವಳು. ಮೂವತ್ತಾರು ವರ್ಷ. ಬ್ಯಾಟ್ ಹಿಡಿದವಳಲ್ಲ. ಅವಳ ಕೋಣೆಯಲ್ಲಿ ಎ.ಸಿ. ಎಷ್ಟಿರುತ್ತದೆಂದರೆ ಸಿಟ್ಟು ಮಾಡಿಕೊಳ್ಳಲು ಕೋಟು ಹಾಕಿಕೊಂಡು ಹೋಗಬೇಕು.

"ಟಕೆಟ್ ಅವರೇ, ಸುತ್ತಿ ಬಳಸಿ ಮಾತಾಡಲ್ಲ. ನಮ್ಮಲ್ಲಿ ಹೊಡೆಯೋರು ಐದು ಜನ ಇದ್ದಾರೆ. ಎಸೆಯೋರು ಒಬ್ಬರೂ ಇಲ್ಲ. ಕ್ಯಾಲಿಫೋರ್ನಿಯಾದವರು ಎಲಾಡಿಯೊನ ಕೇಳ್ತಿದ್ದಾರೆ. ಜೂಡ್ ಸೋರ್ಲಿ ಅಂತ ಒಬ್ಬ ಎಡಗೈ ಹುಡುಗನನ್ನ ಕೊಡ್ತಾರಂತೆ, ಜೊತೆಗೆ ಇನ್ನೊಬ್ಬ ಎಸೆಯೋನನ್ನೂ."

"ಎಲಾಡಿಯೊ ಇಲ್ಲದಿದ್ರೆ ರನ್ ಹೊಡೆಯೋರ್ಯಾರು? ಆ ಹುಡುಗ ಒಂದು-ಸೊನ್ನೆಯಲ್ಲಿ ಸೋಲ್ತಾನೆ. ಅಷ್ಟೇ ವ್ಯತ್ಯಾಸ."

"ಇರಬಹುದು. ಆದ್ರೆ ನಾವು ಗೆಲ್ಲೋ ಹೊತ್ತಿಗೆ ಎಲಾಡಿಯೊಗೆ ಮೂವತ್ತೈದು ಆಗಿರುತ್ತೆ. ಸೋರ್ಲಿಗೆ ಈಗ ಇಪ್ಪತ್ತೆರಡು. ಅವರ ಕಿರಿಯರ ತಂಡ ಈಗ ಇಲ್ಲಿಂದ ಎರಡು ಗಂಟೆ ದಾರಿಯ ಊರಲ್ಲಿ ಆಡ್ತಿದೆ. ನೀವು ಹೋಗಿ ನೋಡ್ಬೇಕು."

"ನಾನ್ಯಾಕೆ? ಎಸೆಯೋರನ್ನ ನೋಡೋಕೆ ನಿಮ್ಮ ಹತ್ರ ಜನ ಇದ್ದಾರಲ್ಲ."

"ಎಲ್ಲರೂ ನೋಡಿ ಬಂದ್ರು, ಎಲ್ಲರೂ ಹೊಗಳಿದ್ರು. ನನಗೆ ಹೊಗಳೋರು ಸಾಕು. ಎಲಾಡಿಯೊನ ಬಿಟ್ಟುಕೊಡೋಕೆ ಸುತಾರಾಂ ಮನಸ್ಸಿಲ್ಲದ ಒಬ್ಬರ ಕಣ್ಣು ಬೇಕು. ನೀವು ನೋಡಿ ಬಂದು ಬೇಡ ಅಂದ್ರೆ, ನಾನೂ ಬೇಡ ಅಂತೀನಿ."

ಕೋಟಿನ ಗುಂಡಿ ಹಾಕಿಕೊಂಡು ಕೆಳಗಿಳಿದೆ.

ಜುಲೈ 13

ಉಪಾಯಗಾತಿ. ಆದರೆ ಮೂರ್ಖಳು. ಬೇಡ ಎನ್ನುವುದೊಂದೇ ಕೆಲಸವೆಂದರೆ ನನ್ನಷ್ಟು ಚೆನ್ನಾಗಿ ಇನ್ಯಾರು ಮಾಡುತ್ತಾರೆ?

ಜುಲೈ 15

ಹೆಬ್ಬೆರಳಿನಿಂದಾಗಿ ನಾನು ಗಾಡಿ ಓಡಿಸುವಂತಿಲ್ಲ. ಲೊರೇನ್ ಓಡಿಸಿದಳು. ಮೂವತ್ತು ವರ್ಷ ಶಾಲೆಯ ಬಸ್ ಓಡಿಸಿದವಳು. ಈಗಲೂ ರೈಲು ಹಳಿ ಕಂಡಲ್ಲೆಲ್ಲ ಕಾರು ನಿಲ್ಲಿಸಿ, ಕಿಟಕಿ ಇಳಿಸಿ, ಕಿವಿಗೊಟ್ಟು ಕೇಳಿ, ಆಮೇಲೆ ದಾಟುತ್ತಾಳೆ. ದಾರಿಯುದ್ದಕ್ಕೂ ಹಳಿಗಳು. ಎರಡು ಗಂಟೆಯ ದಾರಿ ಮೂರಾಯಿತು. ನನ್ನ ಸಿಟ್ಟು ಊರು ತಲುಪುವ ಹೊತ್ತಿಗೆ ಹದವಾಗಿ ಬೆಂದಿತ್ತು.

ಸಣ್ಣ ಮೈದಾನ. ಈರುಳ್ಳಿ ಹಾಕಿದ ಹಾಟ್‌ಡಾಗ್ ಹಿಡಿದುಕೊಂಡು, ಬ್ಯಾಟ್ ಬೀಸುವವನ ನೇರ ಹಿಂದಿನ ಸಾಲಿನಲ್ಲಿ ಕೂತೆವು. ಸೋರ್ಲಿ ಬಂದ. ಉತ್ತರ ಡಕೋಟಾದ ಹೊಲಗಳ ಕಡೆಯವನಂತೆ. ತೆಳ್ಳಗೆ, ಎತ್ತರಕ್ಕೆ, ಟೋಪಿಯೊಳಗೆ ತಲೆ ಕಳೆದುಹೋದಂತಿದ್ದ.

"ಏನಂತೀಯ?" ಎಂದಳು ಲೊರೇನ್.

"ಕತ್ತು ಉದ್ದ."

"ಕತ್ತಲ್ಲಿ ಎಸೀತಾನಾ?"

ಮೊದಲನೆಯ ಚೆಂಡು ನೇರ ಬಂತು. ವೇಗವಿತ್ತು. ವೇಗ ಎಲ್ಲರಲ್ಲೂ ಇರುತ್ತದೆ. ಎರಡನೆಯದು ತಿರುವು. ಹೊಡೆಯುವವನ ಎದೆಯ ಎತ್ತರಕ್ಕೆ ಸಾವಕಾಶವಾಗಿ ಬಂದ ಚೆಂಡು, ಅವನು ಬ್ಯಾಟ್ ಬೀಸಲು ಹೊರಟ ಗಳಿಗೆಯಲ್ಲಿ ಮನಸ್ಸು ಬದಲಾಯಿಸಿದಂತೆ ಅವನ ಮಂಡಿಯ ಕೆಳಗೆ ಇಳಿಯಿತು. ಬ್ಯಾಟ್ ಹಿಡಿದವನು ಗಾಳಿಗೆ ಹೊಡೆದು, ತಿರುಗಿ ಮುಗ್ಗರಿಸಿ, ಕೈಯಲ್ಲಿದ್ದ ಬ್ಯಾಟನ್ನೇ ನೋಡಿದ. ಮುಂದಿನವನೂ ಹಾಗೆಯೇ. ಅದರ ಮುಂದಿನವನೂ. ನನ್ನ ಹಾಟ್‌ಡಾಗ್ ತಣ್ಣಗಾಯಿತು.

ಆಟಕ್ಕೆ ಒಂಬತ್ತು ಇನಿಂಗ್ಸ್. ನಾಲ್ಕನೆಯದರ ಹೊತ್ತಿಗೆ ಸಿಕ್ಕಿಬಿದ್ದ. ತಿರುವು ಎಸೆಯುವ ಮುನ್ನ ಬಲಗೈಯ ಗ್ಲೌಸಿನೊಳಗೆ ಚೆಂಡು ಮರೆಮಾಡಿ ಬೆರಳು ಜೋಡಿಸಿಕೊಳ್ಳುವಾಗ ಆ ಗ್ಲೌಸು ಒಂದು ಚೂರು ಅಗಲವಾಗುತ್ತದೆ. ನೇರ ಎಸೆಯುವಾಗ ಆಗುವುದಿಲ್ಲ. ಚೆಂಡು ಕೈ ಬಿಡುವ ಮೊದಲೇ ಅವನ ಗುಟ್ಟು ಹೊರಗೆ! ನಾನು ಲೊರೇನ್ ಕಿವಿಯಲ್ಲಿ ಹೇಳುತ್ತ ಹೋದೆ.

"ಈಗ ತಿರುವು. ಈಗ ನೇರ. ನೇರ. ನೋಡು, ತಿರುವು."

"ಅಯ್ಯೋ, ಎಲ್ಲಾ ಸರಿ ಹೇಳ್ತಿದ್ದೀಯಲ್ಲ! ಹಾಗಾದ್ರೆ ಈ ಹುಡುಗ ಕೆಲಸಕ್ಕೆ ಬರಲ್ವಾ?"

"ಹಾಗಲ್ಲ. ಇದನ್ನ ತಿದ್ದೋಕೆ ಒಂದು ಮಧ್ಯಾಹ್ನ ಸಾಕು. ದೊಡ್ಡ ಗ್ಲೌಸ್ ಕೊಟ್ಟು, ಪ್ರತೀ ಸಲ ತಿರುವಿನ ಹಿಡಿತದಿಂದಲೇ ಶುರು ಮಾಡು ಅಂದ್ರೆ ಆಯ್ತು."

ಹೇಳಿದ ಮೇಲೆ ಯಾಕಾದರೂ ಹೇಳಿದೆನೋ ಅನ್ನಿಸಿತು. ಅವಳು ಏನನ್ನೂ ಮರೆಯುವವಳಲ್ಲ.

ಇನ್ನೊಂದು ಬರೆಯಬೇಕು. ತಿರುವು ಬರುತ್ತದೆಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಸಲ ಕೂತಲ್ಲೇ ನನ್ನ ಕೈ ಬಿಗಿಯಾಗಿ, ಮುಂಗೈ ತಿರುಗಿ, ನಾನು ತಪ್ಪುತ್ತಿದ್ದೆ. ಅರವತ್ತೊಂದನೆಯ ವಯಸ್ಸಿನಲ್ಲಿ, ಬೆಂಚಿನ ಮೇಲೆ ಕೂತು, ಬ್ಯಾಟೇ ಇಲ್ಲದೆ ತಪ್ಪುತ್ತಿದ್ದೆ. ಎಂಥ ಅಸಹ್ಯ ಚೆಂಡು ಅದು. ಇಳಿಯುವ ಮುಂಚೆ ಒಂದು ಕ್ಷಣ ನಿಲ್ಲುತ್ತದೆ. ನಿಲ್ಲುವುದಿಲ್ಲ, ಗೊತ್ತು. ಆದರೂ ನಿಲ್ಲುತ್ತದೆ.

ಜುಲೈ 17

ವೋಸ್‌ಗೆ ಹೇಳಿದೆ.

"ಏನು ಎಸೀತಾನೆ ಅಂತ ಅವನ ಗ್ಲೌಸೇ ಸಾರಿ ಹೇಳುತ್ತೆ. ದೊಡ್ಡವರ ಮುಂದೆ ಒಂದು ತಿಂಗಳು ಬಾಳಲ್ಲ."

"ತಿದ್ದೋಕಾಗುತ್ತಾ?"

"ಕೆಲವರಿಗೆ ಆಗುತ್ತೆ. ಕೆಲವರಿಗೆ ಜೀವಮಾನವಿಡೀ ಆಗಲ್ಲ."

ಇದರಲ್ಲಿ ಸುಳ್ಳೇನಿದೆ? ಅಂಥವರನ್ನು ಕಂಡಿದ್ದೇನೆ. ಒಂದೊಂದು ಮಾತೂ ನಿಜ.

ಅವಳು ಪೆನ್ನು ಕೆಳಗಿಟ್ಟು, "ಸರಿ. ನಿಮ್ಮ ಮಾತು ನಂಬ್ತೀನಿ. ಬೇಡ ಅಂತ ಹೇಳ್ತೀನಿ," ಎಂದಳು. ಇನ್ನೊಂದೆರಡು ಪ್ರಶ್ನೆ ಕೇಳಬಾರದೆ? ಇಷ್ಟು ಬೇಗ ನಂಬುವವರನ್ನು ಇಂಥ ಜಾಗದಲ್ಲಿ ಯಾರು ಕೂರಿಸಿದರೋ. ಮೆಟ್ಟಿಲು ಇಳಿಯುವಾಗಲೂ ಸಿಟ್ಟು ಆರಲಿಲ್ಲ.

ಜುಲೈ 18

ಲೊರೇನ್ ಕೇಳಿದಳು: "ತಿದ್ದೋಕೆ ಒಂದು ಮಧ್ಯಾಹ್ನ ಸಾಕು ಅನ್ನೋದನ್ನ ಅವಳಿಗೆ ಹೇಳಿದ್ಯಾ?"

ಹೊರಗೆ ಹೋಗಿ ಹುಲ್ಲು ಕತ್ತರಿಸಿದೆ. ಹೆಬ್ಬೆರಳು ಊದಿಕೊಂಡಿದೆ.

ಜುಲೈ 22

ಚೆಂಡು ಎಸೆಯುವ ಯಂತ್ರವನ್ನು ಬೆಳಗಿನಿಂದ ತಿರುಗಿಸಿ ತಿರುಗಿಸಿ, ಹೆಚ್ಚುಕಡಿಮೆ ಆ ತಿರುವನ್ನೇ ಎಸೆಯುವ ಹಾಗೆ ಮಾಡಿದೆ. ಸುಮ್ಮನೆ, ಹುಡುಗರ ಅಭ್ಯಾಸಕ್ಕೆ. ಒಬ್ಬರೂ ಹೊಡೆಯಲಿಲ್ಲ. ಎಲಾಡಿಯೊ ಮಾತ್ರ ಎರಡು ಸಲ ತುದಿಗೆ ತಾಕಿಸಿದ.

"ಇದು ಯಾರ ಎಸೆತ, ಮುದುಕಪ್ಪ?"

"ಯಾರದ್ದೂ ಅಲ್ಲ. ಯಂತ್ರದ್ದು."

"ಇಂಥವನೊಬ್ಬ ನಮ್ಮಲ್ಲಿದ್ದಿದ್ರೆ!" ಎಂದು ನಕ್ಕ. ಬೆವರು ಒರೆಸಿಕೊಂಡು ಮತ್ತೆ ಕೇಳಿದ, "ಕ್ಯಾಲಿಫೋರ್ನಿಯಾದವರು ಸುಮ್ಮನಾಗಿಬಿಟ್ರಂತಲ್ಲ?"

"ಸುಮ್ಮನಾದ್ರು. ನಾನು ಹೇಳಿರಲಿಲ್ವಾ?"

"ಹೇಳಿದ್ರಿ," ಎಂದ.

ನಿರಾಳವಾಗಿರಬೇಕು. ಹತ್ತು ನಿಮಿಷ ಆ ಯಂತ್ರದ ಮುಂದೆ ಬ್ಯಾಟ್ ಎತ್ತದೆ ನಿಂತಿದ್ದ, ಚೆಂಡುಗಳು ಅವನ ಪಕ್ಕದಲ್ಲಿ ಹಾದು ಹೋಗುತ್ತಲೇ ಇದ್ದವು.

ಅಷ್ಟಕ್ಕೂ ಯಂತ್ರದ ತಿರುವು ಅದಲ್ಲ. ಯಂತ್ರದ್ದು ಬೇಗ ಇಳಿಯುತ್ತದೆ. ಆ ಹುಡುಗನದು ಕೊನೆಯ ತನಕ ಕಾಯುತ್ತದೆ.

ಜುಲೈ 26

ಹತ್ತು ಹೊಡೆದೆವು, ಹನ್ನೆರಡು ಕೊಟ್ಟೆವು. ಎಲಾಡಿಯೊ ಎರಡು ಸಲ ಚೆಂಡನ್ನು ಗೋಡೆ ದಾಟಿಸಿದ. ನಮ್ಮ ಎಸೆಯುವವರನ್ನು ಸಾಲಾಗಿ ನಿಲ್ಲಿಸಿ ಕೆರೆಗೆ ತಳ್ಳಬೇಕು. ನಮ್ಮ ಊರಲ್ಲಿರುವುದು ದೊಡ್ಡ ಕೆರೆ, ಎಲ್ಲರಿಗೂ ಜಾಗವಿದೆ.

ಪಂದ್ಯ ಮುಗಿದ ಮೇಲೆ ನಾನು ಬಾಗಿಲಿಗೆ ಗುದ್ದಿದೆ. ಹುಡುಗರೆಲ್ಲ ಒಂದಿಷ್ಟು ಬೈದುಕೊಂಡರು. ಎಲಾಡಿಯೊ ಬೈಯಲಿಲ್ಲ. ಬೂಟಿನ ಮಣ್ಣನ್ನು ನಿಧಾನವಾಗಿ ಕೆರೆದು, ಎರಡನ್ನೂ ಜೋಡಿಸಿಟ್ಟು, ಎಲ್ಲರಿಗೂ ಬರುತ್ತೇನೆಂದು ಹೇಳಿ ಹೋದ. ಮೊದಲು ಹೀಗಿರಲಿಲ್ಲ. ಸೋತಾಗ ಟೋಪಿ ಕಚ್ಚುತ್ತಿದ್ದ. ಅವನು ಸಿಟ್ಟಾಗಲಿಲ್ಲವೆಂದು ನನಗೆ ಇನ್ನಷ್ಟು ಸಿಟ್ಟು ಬಂತು.

ಲೊರೇನ್‌ಗೆ ಹೇಳಿದರೆ, "ಅವನ ಪಾಲಿನ ಸಿಟ್ಟೂ ನೀನೇ ಮಾಡ್ತಿದ್ದೀಯಲ್ಲ, ಇನ್ನವನಿಗೆ ಏನುಳೀತು?" ಎಂದಳು. ಈ ಹೆಂಗಸಿಗೆ ಎಲ್ಲವೂ ತಮಾಷೆ.

ಜುಲೈ 30

ಇದನ್ನು ಸರಿಯಾಗಿ ಬರೆಯಬೇಕು.

ಜುಲೈ ಕೊನೆಯ ದಿನಗಳಲ್ಲಿ ಗಾಯವಾಗದ ಆಟಗಾರನನ್ನು ಪಂದ್ಯದ ನಡುವೆ ಹೊರಗೆ ಕರೆದರೆ ಅದಕ್ಕೆ ಒಂದೇ ಅರ್ಥ. ಅವನನ್ನು ಕೊಟ್ಟಾಗಿದೆ, ಹೊಸ ಯಜಮಾನರಿಗೆ ಒಪ್ಪಿಸುವ ಮುನ್ನ ಕೈಕಾಲು ಮುರಿದುಕೊಂಡಾನು ಎಂದು ತೆಗೆಯುತ್ತಾರೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಡಗ್‌ಔಟ್‌ನಲ್ಲಿ ಒಬ್ಬರು ಎದ್ದು ಅಪ್ಪಿಕೊಳ್ಳುತ್ತಾರೆ, ಆಮೇಲೆ ಇನ್ನೊಬ್ಬರು. ಮನೆಯಲ್ಲಿ ಟಿ.ವಿ. ನೋಡುವವರು ಆ ಅಪ್ಪುಗೆಗೇ ಕಾದು ಕೂತಿರುತ್ತಾರೆ. ಅಪ್ಪಿಕೊಂಡರೆಂದರೆ ಮುಗಿಯಿತು.

ಇಂದು ಏಳನೆಯ ಇನಿಂಗ್ಸ್. ಎಲಾಡಿಯೊ ಬ್ಯಾಟ್ ಹಿಡಿದು ಮೈದಾನಕ್ಕೆ ಹೊರಟಿದ್ದ. ನಮ್ಮ ಮ್ಯಾನೇಜರ್ ಹಾಲಿಸ್ ಒಳಗಿನಿಂದ ಬಂದ ಯಾರದೋ ಪಿಸುಮಾತು ಕೇಳಿ, ಬಾಯಲ್ಲಿದ್ದ ಬೀಜದ ಸಿಪ್ಪೆ ಉಗುಳಿದ.

"ಎಲಾಡಿಯೊ, ಸಾಕು ಬಾ. ಒಳಗೆ ಹೋಗು. ಫೋನ್ ಬಂದಿದೆ."

ಅಷ್ಟೇ ಹೇಳಿದ್ದು. ಇಡೀ ಡಗ್‌ಔಟ್ ತಣ್ಣಗಾಯಿತು. ಆ ವೋಸ್ ಮಾತಿಗೆ ತಪ್ಪಿದಳು! ನನ್ನ ಕಣ್ಣು ಮಂಜಾಯಿತು. ಮೊದಲು ಎದ್ದವನು ನಾನೇ. ಹೋಗಿ ಅಪ್ಪಿಕೊಂಡೆ. ಹನ್ನೆರಡು ವರ್ಷ ಹಿಡಿದು ತಿದ್ದಿದ ಭುಜ, ನನ್ನ ತೋಳಿನೊಳಗೆ ಅದುರುತ್ತಿತ್ತು. ಅಳುತ್ತಿದ್ದಾನೆ ಅಂದುಕೊಂಡೆ.

ಅವನು ನಗುತ್ತಿದ್ದ.

"ಅಕ್ಟೋಬರ್, ಮುದುಕಪ್ಪ," ನನ್ನ ಕಿವಿಯಲ್ಲಿ ಹೇಳಿದ. "ನಾನು ಅಕ್ಟೋಬರ್‌ನಲ್ಲಿ ಆಡ್ತೀನಿ!"

ಅಷ್ಟರಲ್ಲಿ ಹುಡುಗರೆಲ್ಲ ಎದ್ದು ಮುತ್ತಿಕೊಂಡಿದ್ದರು. ಮೈದಾನದ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು, ಕೆಲವರು ಅಳುತ್ತಿದ್ದರು, ಕೆಲವರು ಮೇಲಿನ ಮಹಡಿಯ ಕಿಟಕಿಗೆ ಕೈ ತೋರಿಸಿ ಬೈಯುತ್ತಿದ್ದರು. ಹಾಲಿಸ್ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

"ಏನ್ರೋ, ನಿಮಗೆಲ್ಲ ತಲೆ ಕೆಟ್ಟಿದೆಯಾ? ಅವನ ಹೆಂಡ್ತಿ ಆಸ್ಪತ್ರೇಲಿದ್ದಾಳೆ ಕಣ್ರೋ! ನೋವು ಶುರುವಾಗಿದೆಯಂತೆ. ಬಿಡ್ರೋ ಅವನನ್ನ!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲಾಡಿಯೊನೂ ನಕ್ಕ, ಟೋಪಿ ಎಸೆದು ಓಡಿದ. ಆದರೆ ಅವನು ಓಡುವ ತನಕ ನಾನು ಅವನಿಗೆ ಅಂಟಿಕೊಂಡೇ ನಿಂತಿದ್ದೆ. ಹಾಲಿಸ್ ಮಾತಿಗೆ ಅವನ ನಗು ಒಮ್ಮೆ ಪೂರ್ತಿ ಹೋಗಿ ಆಮೇಲೆ ಮತ್ತೆ ಬಂತು. ಎರಡನೆಯದು ಮಗುವಿನದು. ಮೊದಲನೆಯದು ಅಕ್ಟೋಬರಿನದು.

ಎಂಥ ಹುಡುಗ. ಹನ್ನೆರಡು ವರ್ಷ ನನ್ನ ಜೊತೆಗಿದ್ದವನು. ಬಾಯಿಬಿಟ್ಟು ಹೇಳಬಾರದಿತ್ತೆ? ಅಕ್ಟೋಬರ್‌ನಲ್ಲಿ ಚಳಿ ಇರುತ್ತಾ ಎಂದು ಕೇಳುತ್ತಾನಂತೆ. ಸುಮ್ಮನೆ ಹೇಳಲು ಏನಾಗಿತ್ತು ಅವನಿಗೆ?

ಜುಲೈ 31

ಹೆಣ್ಣು ಮಗು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ.

ತಿಂಡಿ ತಿನ್ನುವಾಗ ಲೊರೇನ್ ಏನೂ ಕೇಳಲಿಲ್ಲ. ಅವಳು ಕೇಳದೆ ಇರುವುದೂ ಒಂದು ಬಗೆಯ ಕೇಳುವುದೇ. ತಟ್ಟೆ ತಳ್ಳಿ ಎದ್ದೆ.

ವೋಸ್‌ಗೆ ಬೈಯಲೆಂದೇ ಮೇಲಿನ ಮಹಡಿಗೆ ಹೋದೆ.

"ಒಂದು ಮಧ್ಯಾಹ್ನ ಸಾಕು," ಎಂದೆ.

"ಯಾವುದಕ್ಕೆ?"

"ಆ ಸೋರ್ಲಿಯ ಗ್ಲೌಸಿಗೆ. ಯಾರಾದ್ರೂ ತಿದ್ದಬಹುದು. ನಾನೇ ತಿದ್ದಬಲ್ಲೆ. ಅಂಥ ತಿರುವು ನಾನು ನನ್ನ ಆಯಸ್ಸಿನಲ್ಲೇ ನೋಡಿಲ್ಲ. ನನ್ನ ಹುಡುಗರು ಯಾರೂ ಹೊಡೆಯಲ್ಲ. ಎಲಾಡಿಯೊನೂ ಹೊಡೆಯಲ್ಲ."

ಅವಳು ಓದುತ್ತಿದ್ದ ಕಾಗದ ಪಕ್ಕಕ್ಕೆ ಸರಿಸಿದಳು.

"ಇದನ್ನ ಅವತ್ತೇ ಹೇಳಬಹುದಿತ್ತು."

"ಹೇಳಬಹುದಿತ್ತು."

"ಅವತ್ತು ಸೋರ್ಲಿ ಜೊತೆ ಇನ್ನೊಬ್ಬನನ್ನೂ ಕೊಡ್ತಿದ್ರು. ಈಗ ನಾನಾಗೇ ವಾಪಸ್ ಹೋಗಿ ಕೇಳಿದ್ರೆ ಕೊಡಲ್ಲ. ಅದು ನಿಮ್ಮ ಲೆಕ್ಕಕ್ಕೆ, ಟಕೆಟ್ ಅವರೇ."

"ಬರ್ಕೊಳ್ಳಿ," ಎಂದೆ. "ಮತ್ತೆ, ಅವನ ಮಗು ನಿನ್ನೆ ಹುಟ್ಟಿದೆ. ಇವತ್ತೇ ವಿಮಾನ ಹತ್ತು ಅಂತ ಅವರೇನಾದ್ರೂ ಅಂದ್ರೆ ನಾನು ಕ್ಯಾಲಿಫೋರ್ನಿಯಾಗೇ ಹೋಗಿ ಒದ್ದು ಬರ್ತೀನಿ."

"ಯಾವ ಕಾಲಲ್ಲಿ?" ಎಂದಳು, ಮುಖದಲ್ಲಿ ಒಂದು ಗೆರೆಯೂ ಅಲುಗದೆ. ಫೋನ್ ಎತ್ತಿಕೊಂಡಳು.

ಐದೂವರೆಗೆ ತೀರ್ಮಾನವಾಯಿತು. ಎಲಾಡಿಯೊಗೆ ಬದಲಾಗಿ ಸೋರ್ಲಿ ಒಬ್ಬನೇ. ಯಾರೂ ಯಾರನ್ನೂ ಅಪ್ಪಿಕೊಳ್ಳಲಿಲ್ಲ.

ಎಲಾಡಿಯೊ ಆಸ್ಪತ್ರೆಯಿಂದ ಫೋನ್ ಮಾಡಿದ.

"ಮುದುಕಪ್ಪ, ಸಿಟ್ಟಾಗಿದ್ದೀರಾ?"

"ಹೂಂ."

"ನನ್ನ ಮೇಲಾ?"

"ಫೋನ್ ಇಡು. ಮಗು ಎದ್ದೀತು."

ಆಗಸ್ಟ್ 3

ಎಲಾಡಿಯೊ ಸಾಮಾನು ತೆಗೆದುಕೊಂಡು ಹೋಗಲು ಬಂದ. ಅಪ್ಪುಗೆ ಅವತ್ತೇ ಖರ್ಚಾಗಿಬಿಟ್ಟಿತ್ತು. ಇಬ್ಬರೂ ಬ್ಯಾಂಕಿನವರ ಹಾಗೆ ಕೈ ಕುಲುಕಿದೆವು.

"ಅಲ್ಲಿ ಹೋಗಿ ಬ್ಯಾಟ್ ಬೀಸುವಾಗ ಎಡಗಾಲು ಮುಂಚೇನೇ ತೆಗೀಬೇಡ," ಎಂದೆ.

"ತೆಗೆಯಲ್ಲ."

"ತೆಗೀತೀಯ. ನಾನಿಲ್ಲದಿದ್ರೆ ತೆಗೀತೀಯ."

ಹೊರಗೆ ಕಾರಿನಲ್ಲಿ ಯನೀರಾ ಮಗುವಿನೊಂದಿಗೆ ಕೂತಿದ್ದಳು. ಅವಳು ಸದ್ಯಕ್ಕೆ ಇಲ್ಲೇ ಇರುತ್ತಾಳೆ, ಅವಳ ತಾಯಿ ಬರುತ್ತಾರಂತೆ. ನನ್ನನ್ನು ಕಂಡು ಮುಖ ತಿರುಗಿಸಿದಳು. "ಮಗುವಿನ ಕೋಣೆಗೆ ಬಣ್ಣ ಹೊಡೆಸಿ ಇನ್ನೂ ವಾಸನೆ ಹೋಗಿಲ್ಲ. ನಿಮಗೆಲ್ಲ ಇದು ಆಟ," ಎಂದಳು. ಅವಳಿಗೆ ಏನು ಹೇಳಲಿ? ಲೊರೇನ್ ಬಾಗಿ, ಮಗುವಿನ ಸೀಟಿನ ಪಟ್ಟಿ ಎಳೆದು ನೋಡಿ, ಸಡಿಲವಾಗಿದೆಯೆಂದು ಎಲಾಡಿಯೊಗೆ ಚೆನ್ನಾಗಿ ಬೈದು, ತಾನೇ ಬಿಗಿ ಮಾಡಿದಳು. ನಾಳೆಯಿಂದ ದಿನಾ ಸಂಜೆ ಊಟ ತರುತ್ತೇನೆ ಎಂದೂ ಹೇಳಿದಳು. ಯನೀರಾ ಆಗ ಅತ್ತಳು.

ಆರ್ಚಿಯ ಅಂಗಡಿಗೆ ಹೋಗಿ ತಲೆ ಸರಿಮಾಡಿಸಿಕೊಂಡು ಬಂದೆ. "ನಾನು ಅವತ್ತೇ ಹೇಳಿರಲಿಲ್ವಾ?" ಎಂದ. ಅರ್ಧಕ್ಕೆ ಏಳಬೇಕು ಅನ್ನಿಸಿತು. ಕೂತೆ.

ಆಗಸ್ಟ್ 6

ಉದ್ದ ಕತ್ತಿನವನು ಬಂದ. ಎಸೆಯುವವರ ಕೋಚ್ ಮಧ್ಯಾಹ್ನದ ನಂತರ ಬರುತ್ತಾನಂತೆ. ಅಲ್ಲಿಯ ತನಕ ಕಾಯುತ್ತ ಕೂತರೆ ಆಯಿತೇ?

"ಗ್ಲೌಸ್ ತಗೊಂಡು ಬಲೆಗೆ ಬಾ," ಎಂದೆ.

"ಸರ್, ನೀವು ಬ್ಯಾಟಿಂಗ್ ಕೋಚ್ ಅಲ್ವಾ?"

"ಬಾ ಅಂದೆ."

ಬ್ಯಾಟ್ ಹಿಡಿದು ಅವನ ಎದುರು ನಿಂತೆ. ಅವನು ಕೈ ಎತ್ತುವ ಮೊದಲೇ ಕೂಗಿದೆ: ತಿರುವು! ನೇರ! ತಿರುವು! ಹುಡುಗನ ಬಾಯಿ ತೆರೆದೇ ಇತ್ತು. ಹತ್ತಿರ ಕರೆದು ಗ್ಲೌಸ್ ತೋರಿಸಿದೆ. ಉತ್ತರ ಡಕೋಟಾದಲ್ಲಿ ಕನ್ನಡಿ ಇಲ್ಲವೇ ಎಂದು ಕೇಳಿದೆ. ಎರಡು ಅಳತೆ ದೊಡ್ಡದಾದ ಗ್ಲೌಸ್ ತರಿಸಿ, ಪ್ರತಿ ಸಲ ತಿರುವಿನ ಹಿಡಿತದಿಂದಲೇ ಶುರು ಮಾಡಿಸಿದೆ. ಮಣಿಕಟ್ಟು ಹಿಡಿದೆ, ಮೊಣಕೈ ಹಿಡಿದೆ, ಬೈದೆ. ಊಟದ ಹೊತ್ತು ಮೀರಿತು. ಹಾಲಿಸ್ ಬಲೆಯ ಹೊರಗೆ ನಿಂತು ಬೀಜ ಉಗುಳುತ್ತ, "ಲೋ ಟಕ್, ನೀನು ಯಾವ ಕಡೆಯವನೋ?" ಎಂದ. ಬಾಯಿ ಮುಚ್ಚು ಎಂದೆ.

ಆಮೇಲೆ ಮತ್ತೆ ಬ್ಯಾಟ್ ಹಿಡಿದು ನಿಂತೆ. ಗ್ಲೌಸಿನ ಕಡೆ ಕಣ್ಣು ನೆಟ್ಟೆ. ಏನೂ ಕಾಣಲಿಲ್ಲ. ನೇರ ಎಂದುಕೊಂಡು ಬೀಸಿದೆ, ಚೆಂಡು ನನ್ನ ಮಂಡಿಯ ಕೆಳಗೆ ಹೋಗಿ ಬಲೆಗೆ ಬಿತ್ತು. ತಿರುವು ಎಂದು ಕಾದೆ, ನೇರ ಬಂತು. ಮೂರನೆಯದಕ್ಕೆ ಎಷ್ಟು ಜೋರಾಗಿ ಬೀಸಿದೆನೆಂದರೆ ಹೆಬ್ಬೆರಳಿನ ನೋವು ನೆತ್ತಿಗೇರಿತು. ಅವನ ಕತ್ತಿಗೆ ಬೈದೆ, ಗ್ಲೌಸಿಗೆ ಬೈದೆ, ಅವನನ್ನು ಹೆತ್ತ ಹೊಲಗಳಿಗೆಲ್ಲ ಬೈದೆ. ಹುಡುಗ ಹೆದರಿಬಿಟ್ಟ.

"ಸಾಕಾ, ಸರ್?"

"ಯಾವನೋ ಸಾಕು ಅಂದಿದ್ದು?" ಎಂದೆ. "ಇನ್ನೊಂದು ಎಸಿ."